ಲಿವರಿನ ನೀರುಗುಳ್ಳೆ: ಸೂಜಿಯೇ, ದುರ್ಬೀನೇ, ದೊಡ್ಡ ಆಪರೇಷನ್ನೇ?

ಓದುಗರ ಪ್ರಶ್ನೆ, ವೈದ್ಯರ ಉತ್ತರ

ಕೊಪ್ಪಳ, ರಾಯಚೂರು ಮತ್ತು ಬಳ್ಳಾರಿ ಜಿಲ್ಲೆಗಳಿಂದ ಬಂದ ಕೆಲವು ಪತ್ರಗಳು ಒಂದೇ ಕಾಯಿಲೆಯನ್ನು ಕುರಿತವಾದ್ದರಿಂದ ಈ ಸಂಚಿಕೆಯ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ. ಕಾಯಿಲೆಯ ಹೆಸರು ಹೈಡಾಟಿಡ್ ಗುಳ್ಳೆ. ನಾಯಿಯ ಕರುಳಿನಲ್ಲಿರುವ ಒಂದು ಸಣ್ಣ ಲಾಡಿಹುಳುವಿನ ಮೊಟ್ಟೆ ಮನುಷ್ಯನ ಹೊಟ್ಟೆ ಸೇರಿ, ಲಿವರಿನಲ್ಲಿ ನೀರು ತುಂಬಿದ ಚೀಲವಾಗಿ ಬೆಳೆಯುವ ಕಾಯಿಲೆ ಇದು. ಪತ್ರ ಬರೆದವರ ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ಡಾಕ್ಟರ್ ಅವರಿಗೆ ನಮಸ್ಕಾರ. ನಮ್ಮದು ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿ. ಕುರಿ ಸಾಕುವುದು ನಮ್ಮ ಹಿರಿಯರಿಂದ ಬಂದ ಕಸುಬು. ನಮ್ಮ ಅಣ್ಣನಿಗೆ 38 ವರ್ಷ. ಬಲಗಡೆ ಪಕ್ಕೆಯ ಕೆಳಗೆ ಭಾರವಾದಂತಾಗುತ್ತದೆ ಎಂದು ಸ್ಕ್ಯಾನಿಂಗ್ ಮಾಡಿಸಿದಾಗ ಲಿವರಿನ ಬಲಭಾಗದಲ್ಲಿ 9 ಸೆಂಟಿಮೀಟರಿನ ಗುಳ್ಳೆಯಿದೆ, ಅದರೊಳಗೆ ಹಲವು ಮರಿಗುಳ್ಳೆಗಳಿವೆ, ಇದು ಸಿಇ 2 ಹಂತದ ಹೈಡಾಟಿಡ್ ಎಂದು ವರದಿ ಬಂದಿದೆ. ಒಬ್ಬ ವೈದ್ಯರು ಹೊಟ್ಟೆ ಕೊಯ್ದು ಗುಳ್ಳೆಯನ್ನು ಪೂರ್ತಿ ತೆಗೆಯಬೇಕು ಎಂದರು. ಇನ್ನೊಬ್ಬರು ದುರ್ಬೀನಿನಿಂದಲೇ (ಲ್ಯಾಪರೋಸ್ಕೋಪಿ) ಆಗುತ್ತದೆ ಎಂದರು. ನಮ್ಮ ಸಂಬಂಧಿಕರಲ್ಲೊಬ್ಬರಿಗೆ ಸೂಜಿ ಹಾಕಿ ನೀರು ತೆಗೆದು ಮರುದಿನವೇ ಮನೆಗೆ ಕಳಿಸಿದ್ದರು. ಅಣ್ಣನಿಗೂ ಹಾಗೆಯೇ ಮಾಡಿಸಿ ಎಂದು ಮನೆಯವರೆಲ್ಲ ಹೇಳುತ್ತಿದ್ದಾರೆ. ಇದರಲ್ಲಿ ಯಾವುದು ಸರಿ?

ಉತ್ತರ: ನೀವು ಬರೆದಿರುವ ಮೂರೂ ಚಿಕಿತ್ಸೆಗಳು ಶಾಸ್ತ್ರಸಮ್ಮತವಾದವುಗಳೇ, ಆದರೆ ಒಂದೇ ಗುಳ್ಳೆಗೆ ಮೂರೂ ಹೊಂದುವುದಿಲ್ಲ. ಗುಳ್ಳೆ ಯಾವ ಹಂತದಲ್ಲಿದೆ, ಲಿವರಿನ ಯಾವ ಮೂಲೆಯಲ್ಲಿದೆ, ಅದರ ಗೋಡೆ ಪಿತ್ತನಾಳಕ್ಕೆ ಬಾಯಿ ಬಿಟ್ಟುಕೊಂಡಿದೆಯೇ ಎಂಬ ಮೂರು ಸಂಗತಿಗಳು ತಿಳಿದ ಮೇಲೆಯೇ ಯಾವ ಆಪರೇಷನ್ ಎಂದು ನಿರ್ಧರಿಸಬೇಕು. ನನಗೆ ಬಂದ ಪತ್ರಗಳಲ್ಲಿ ಹಲವರು ಗುಳ್ಳೆಯ ಅಳತೆಯನ್ನು ಬರೆದಿದ್ದಾರೆ, ಹಂತವನ್ನು ಬರೆದವರು ನೀವೊಬ್ಬರೇ. ಅಳತೆಗಿಂತಲೂ ಹಂತವೇ ಮುಖ್ಯವೆಂದು ನಾನು ತಿಳಿದಿದ್ದೇನೆ, ಆದ್ದರಿಂದ ಅದನ್ನೇ ಮೊದಲು ವಿವರಿಸುತ್ತೇನೆ.

ನಾಯಿಯ ಮಲದೊಂದಿಗೆ ಹೊರಬಿದ್ದ ಮೊಟ್ಟೆ ಕೈಯಿಂದಲೋ ತೊಳೆಯದ ಸೊಪ್ಪಿನಿಂದಲೋ ನೀರಿನಿಂದಲೋ ನಮ್ಮ ಹೊಟ್ಟೆಗೆ ಸೇರಿದರೆ, ಅದರೊಳಗಿನ ಮರಿ ಸಣ್ಣ ಕರುಳಿನ ಗೋಡೆಯನ್ನು ಕೊರೆದು ರಕ್ತಕ್ಕೆ ಇಳಿಯುತ್ತದೆ. ಕರುಳಿನ ರಕ್ತವೆಲ್ಲ ಮೊದಲು ಹರಿಯುವುದು ಲಿವರಿಗೆ, ಆದಕಾರಣ ನೂರು ಗುಳ್ಳೆಗಳಲ್ಲಿ ಸುಮಾರು 70 ಅಲ್ಲಿಯೇ ನಿಲ್ಲುತ್ತವೆ. ಅಲ್ಲಿಂದ ತಪ್ಪಿಸಿಕೊಂಡವುಗಳಲ್ಲಿ ಹೆಚ್ಚಿನವು ಶ್ವಾಸಕೋಶದಲ್ಲಿ ನೆಲೆಯೂರುತ್ತವೆ. ನಿಂತ ಮರಿ ವರ್ಷಾನುಗಟ್ಟಲೆ ನಿಧಾನವಾಗಿ ಬೆಳೆದು ನೀರಿನ ಚೀಲವಾಗುತ್ತದೆ. ಆ ಚೀಲಕ್ಕೆ ಮೂರು ಪದರಗಳಿವೆ. ಹೊರಗಿನದು ನಮ್ಮ ಲಿವರೇ ತನ್ನ ರಕ್ಷಣೆಗಾಗಿ ಕಟ್ಟಿಕೊಂಡ ಗಟ್ಟಿ ನಾರಿನ ಗೋಡೆ. ನಡುವಿನದು ಹುಳುವಿನದೇ ಆದ ಬಿಳಿ, ನುಣುಪಾದ ಪೊರೆ. ಒಳಗಿನದು ಕಣ್ಣಿಗೆ ಸುಲಭವಾಗಿ ಕಾಣದಷ್ಟು ತೆಳುವಾದ ಜೀವಂತ ಪದರ, ಹೊಸ ಹುಳುಗಳ ತಲೆಗಳೂ ಮರಿಗುಳ್ಳೆಗಳೂ ಹುಟ್ಟುವುದು ಇದರಿಂದ. ಹೊರಗೋಡೆ ನಮ್ಮದು, ಒಳಗಿನ ಎರಡು ಪದರಗಳು ಹುಳುವಿನವು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಆಪರೇಷನ್ನುಗಳ ನಡುವಿನ ವ್ಯತ್ಯಾಸ ತಾನಾಗಿಯೇ ಅರ್ಥವಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ತಂಡವು ಅಲ್ಟ್ರಾಸೌಂಡಿನಲ್ಲಿ ಕಾಣುವ ರೂಪವನ್ನು ಅನುಸರಿಸಿ ಈ ಗುಳ್ಳೆಗಳನ್ನು ವಿಂಗಡಿಸಿದೆ. ಸಿಇ ಎಂದರೆ ಸಿಸ್ಟಿಕ್ ಎಕೈನೋಕಾಕೋಸಿಸ್, ಈ ಕಾಯಿಲೆಯ ವೈದ್ಯಕೀಯ ಹೆಸರು. ಒಂದೇ ಕೋಣೆಯ ತಿಳಿನೀರಿನ ಗುಳ್ಳೆ ಸಿಇ 1. ಒಳಗೆ ಮರಿಗುಳ್ಳೆಗಳು ತುಂಬಿಕೊಂಡು ಹಲವು ಕೋಣೆಗಳಾಗಿದ್ದರೆ ಸಿಇ 2. ಒಳಪೊರೆ ಗೋಡೆಯಿಂದ ಕಳಚಿ ನೀರಿನಲ್ಲಿ ತೇಲುತ್ತಿದ್ದರೆ ಸಿಇ 3ಎ. ಗಟ್ಟಿ ದ್ರವ್ಯದ ನಡುವೆ ಇನ್ನೂ ಮರಿಗುಳ್ಳೆಗಳು ಉಳಿದಿದ್ದರೆ ಸಿಇ 3ಬಿ. ಸಿಇ 4 ಮತ್ತು ಸಿಇ 5 ಎಂದರೆ ಹುಳು ಬಹುಮಟ್ಟಿಗೆ ಸತ್ತು ಒಳಗೆಲ್ಲ ಗಟ್ಟಿಯಾದ, ಗೋಡೆಗೆ ಸುಣ್ಣ ಕಟ್ಟಿದ ಗುಳ್ಳೆಗಳು. ಒಂದು ಗುಳ್ಳೆ ಈ ಹಂತಗಳನ್ನೆಲ್ಲ ಸಾಲಾಗಿ ದಾಟಲೇಬೇಕೆಂಬ ನಿಯಮವಿಲ್ಲ.

ಈಗ ನಿಮ್ಮ ಸಂಬಂಧಿಕರ ಸೂಜಿಯ ವಿಚಾರಕ್ಕೆ ಬರೋಣ. ಈ ವಿಧಾನ ಬಳಕೆಗೆ ಬಂದದ್ದು 1986ರಲ್ಲಿ, ಟುನೀಶಿಯಾ ದೇಶದಿಂದ. ಅಲ್ಟ್ರಾಸೌಂಡಿನಲ್ಲಿ ನೋಡುತ್ತಲೇ, ಲಿವರಿನ ಒಳ್ಳೆಯ ಭಾಗದ ಮೂಲಕ ಸೂಜಿಯನ್ನು ಗುಳ್ಳೆಗೆ ಇಳಿಸಿ, ನೀರನ್ನು ಹೀರಿ, ಹುಳುವಿನ ತಲೆಗಳನ್ನು ಕೊಲ್ಲುವ ದ್ರಾವಣವನ್ನು ಒಳಗೆ ಬಿಟ್ಟು, ಕೆಲವು ನಿಮಿಷ ಕಾಯ್ದು, ಅದನ್ನೂ ಹಿಂದಕ್ಕೆ ಹೀರಿಕೊಳ್ಳುತ್ತಾರೆ. ಹೀರಿದ ನೀರಿನಲ್ಲಿ ಪಿತ್ತದ ಹಳದಿ ಕಂಡರೆ ದ್ರಾವಣವನ್ನು ಒಳಗೆ ಬಿಡಲೇಕೂಡದು. ಸಿಇ 1 ಮತ್ತು ಸಿಇ 3ಎ ಹಂತದ, 5 ಸೆಂಟಿಮೀಟರಿಗಿಂತ ದೊಡ್ಡದಾದ ಗುಳ್ಳೆಗಳಿಗೆ ಆಲ್ಬೆಂಡಜೋಲ್ ಎಂಬ ಹುಳುವಿನ ಮಾತ್ರೆಯ ಜೊತೆಗೆ ಮಾಡಿದಾಗ ಇದು ಬಹಳ ಒಳ್ಳೆಯ ಚಿಕಿತ್ಸೆ. ನಿಮ್ಮ ಸಂಬಂಧಿಕರ ಗುಳ್ಳೆ ಆ ಹಂತದ್ದೇ ಇದ್ದಿರಬೇಕು. ಆದರೆ ನಿಮ್ಮ ಅಣ್ಣನವರ ಗುಳ್ಳೆಯೊಳಗೆ ಸಿಪ್ಪೆ ಸುಲಿದ ದ್ರಾಕ್ಷಿಗಳಂತೆ ಮರಿಗುಳ್ಳೆಗಳು ಒತ್ತೊತ್ತಾಗಿ ತುಂಬಿವೆ. ಪ್ರತಿಯೊಂದಕ್ಕೂ ತನ್ನದೇ ಪೊರೆ, ತನ್ನದೇ ನೀರು. ಒಂದು ಸೂಜಿ ಅವೆಲ್ಲವನ್ನೂ ಮುಟ್ಟಲಾರದು, ಅವುಗಳ ಪೊರೆಗಳೂ ಸೂಜಿಯ ತೂತಿನಿಂದ ಹೊರಬರಲಾರವು. ಹೀಗಾಗಿ ಸಿಇ 2 ಮತ್ತು ಸಿಇ 3ಬಿ ಹಂತದ ಗುಳ್ಳೆಗಳಲ್ಲಿ ಬರಿಯ ಸೂಜಿಯ ಚಿಕಿತ್ಸೆಯ ನಂತರ ಕಾಯಿಲೆ ಮರುಕಳಿಸುವುದು ಹೆಚ್ಚು. ಮನೆಯವರಿಗೆ ಈ ಕಾರಣವನ್ನು ತಿಳಿಸಿ ಹೇಳಿರಿ.

ಉಳಿದದ್ದು ಶಸ್ತ್ರಚಿಕಿತ್ಸೆ. ಈ ಆಪರೇಷನ್ನಿನಲ್ಲಿ ಶಸ್ತ್ರವೈದ್ಯರು ಎಲ್ಲಕ್ಕಿಂತ ಹೆಚ್ಚಾಗಿ ಅಂಜುವುದು ಗುಳ್ಳೆಯ ನೀರು ಹೊಟ್ಟೆಯೊಳಗೆ ಚೆಲ್ಲುವುದಕ್ಕೆ. ಆ ನೀರಿನಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮ ತಲೆಗಳಿರುತ್ತವೆ. ಚೆಲ್ಲಿದಲ್ಲೆಲ್ಲ ಅವು ಹೊಸ ಗುಳ್ಳೆಗಳಾಗಬಲ್ಲವು, ಅದು ಗೊತ್ತಾಗುವುದು ವರ್ಷಗಳು ಕಳೆದ ಮೇಲೆ. ಅಲ್ಲದೆ ಆ ನೀರು ರಕ್ತಕ್ಕೆ ಸೇರಿದರೆ ಮೈಮೇಲೆ ಪಿತ್ತದ ಗಂದೆಗಳೆದ್ದು, ಉಸಿರು ಕಟ್ಟಿ, ರಕ್ತದೊತ್ತಡ ಕುಸಿಯುವಂಥ ತೀವ್ರ ಅಲರ್ಜಿಯೂ ಆಗಬಹುದು, ಅದಕ್ಕಾಗಿ ಅರಿವಳಿಕೆ ತಜ್ಞರು ಅಡ್ರಿನಲಿನ್ ಚುಚ್ಚುಮದ್ದನ್ನು ಕೈಗೆಟುಕುವಲ್ಲಿಯೇ ಸಿದ್ಧವಾಗಿಟ್ಟುಕೊಂಡಿರುತ್ತಾರೆ. ಈ ಕಾರಣದಿಂದ ಶಸ್ತ್ರವೈದ್ಯರು ಗುಳ್ಳೆಗೆ ಕೈಹಾಕುವ ಮೊದಲೇ ಅದರ ಸುತ್ತ, ಲಿವರಿನ ಮೇಲೂ ಕೆಳಗೂ, ಶೇಕಡಾ 20ರ ಉಪ್ಪುನೀರಿನಂಥ ದ್ರಾವಣದಲ್ಲಿ ಅದ್ದಿದ ಬಟ್ಟೆಗಳನ್ನು ಒತ್ತೊತ್ತಾಗಿ ಜೋಡಿಸಿ ಗುಳ್ಳೆಯೊಂದನ್ನೇ ತೆರೆದಿಡುತ್ತಾರೆ. ಆಪರೇಷನ್ನಿನ ಹೆಚ್ಚಿನ ಹೊತ್ತು ಕಳೆಯಬೇಕಾದದ್ದು ಈ ಸಿದ್ಧತೆಯಲ್ಲಿಯೇ ಎಂದು ನನ್ನ ದೃಢವಾದ ಅಭಿಪ್ರಾಯ.

ಆಮೇಲೆ ದಾರಿ ಎರಡಾಗಿ ಒಡೆಯುತ್ತದೆ. ಮೊದಲನೆಯದರಲ್ಲಿ ಹುಳುವಿನ ಭಾಗವನ್ನು ಮಾತ್ರ ತೆಗೆದು, ಲಿವರ್ ಕಟ್ಟಿಕೊಂಡ ಹೊರಗೋಡೆಯ ಬಹುಪಾಲನ್ನು ಅಲ್ಲಿಯೇ ಬಿಡುತ್ತಾರೆ. ಗುಳ್ಳೆಯ ನೀರನ್ನು ದಪ್ಪ ಕೊಳವೆಯಿಂದ ಹೀರಿ, ಅದು ಪಿತ್ತವಿಲ್ಲದ ತಿಳಿನೀರೇ ಎಂದು ಖಚಿತಪಡಿಸಿಕೊಂಡು, ಕೊಲ್ಲುವ ದ್ರಾವಣವನ್ನು ತುಂಬಿ 10ರಿಂದ 15 ನಿಮಿಷ ಬಿಟ್ಟು, ಮೇಲ್ಭಾಗದ ಗೋಡೆಯನ್ನು ಮುಚ್ಚಳ ತೆಗೆದಂತೆ ಕತ್ತರಿಸಿ, ಬಿಳಿಪೊರೆಯನ್ನೂ ಮರಿಗುಳ್ಳೆಗಳನ್ನೂ ಒಂದೂ ಉಳಿಯದಂತೆ ಎತ್ತುತ್ತಾರೆ. ಹಿಂದೆ ಈ ಕೆಲಸಕ್ಕೆ ಫಾರ್ಮಾಲಿನ್ ಬಳಸುತ್ತಿದ್ದರು. ಅದು ಪಿತ್ತನಾಳಗಳಿಗೆ ಇಳಿದು ಅವುಗಳನ್ನು ಶಾಶ್ವತವಾಗಿ ಕುಗ್ಗಿಸಿ ಹಾಳುಮಾಡುತ್ತದೆಂದು ತಿಳಿದ ಮೇಲೆ ಬಿಟ್ಟುಬಿಟ್ಟರು. ಪೊರೆ ತೆಗೆದ ನಂತರ ಒಳಗೆ ಉಳಿಯುವ ಖಾಲಿ ಗೂಡಿನಲ್ಲಿ ಶುಭ್ರವಾದ ಬಿಳಿ ಬಟ್ಟೆಯನ್ನಿಟ್ಟು ಸ್ವಲ್ಪ ಹೊತ್ತು ಕಾಯುತ್ತಾರೆ. ತೆಗೆದು ನೋಡಿದಾಗ ಬಟ್ಟೆಯ ಮೇಲೆ ಎಲ್ಲಿಯಾದರೂ ಹಳದಿ ಚುಕ್ಕೆ ಮೂಡಿದ್ದರೆ ಅದಕ್ಕೆ ಎದುರಾದ ಜಾಗದಲ್ಲಿ ಪಿತ್ತನಾಳ ಬಾಯಿ ಬಿಟ್ಟಿದೆ ಎಂದು ಅರ್ಥ. ಅಲ್ಲಿಗೆ ತಾನಾಗಿ ಕರಗುವ ಸಣ್ಣ ದಾರದಿಂದ ಹೊಲಿಗೆ ಹಾಕುತ್ತಾರೆ. ಕೊನೆಗೆ ಹೊಟ್ಟೆಯಲ್ಲಿ ಕರುಳಿನ ಮುಂದೆ ಇಳಿಬಿದ್ದಿರುವ ಕೊಬ್ಬಿನ ಪರದೆಯ ಒಂದು ತುದಿಯನ್ನು ತಂದು ಆ ಗೂಡಿನಲ್ಲಿ ತುಂಬಿ ನಿಲ್ಲಿಸುತ್ತಾರೆ. ಈ ಪರದೆ ಸೋರಿದ ದ್ರವವನ್ನು ಹೀರಿಕೊಳ್ಳುತ್ತದೆ, ಖಾಲಿ ಜಾಗದಲ್ಲಿ ಕೀವು ತುಂಬುವುದನ್ನೂ ಕಡಿಮೆ ಮಾಡುತ್ತದೆ. ಒಂದು ರಬ್ಬರ್ ನಳಿಕೆಯನ್ನೂ ಕೆಲವು ದಿನ ಹೊರಕ್ಕೆ ಬಿಟ್ಟಿರುತ್ತಾರೆ.

ಎರಡನೆಯ ದಾರಿಯಲ್ಲಿ ಗುಳ್ಳೆಯನ್ನು ಒಡೆಯದೆಯೇ ಹೊರಗೋಡೆಯ ಸಮೇತ ಲಿವರಿನಿಂದ ಬಿಡಿಸಿ ತೆಗೆಯುತ್ತಾರೆ, ಇಲ್ಲವೇ ಗುಳ್ಳೆಯಿರುವ ಲಿವರಿನ ಭಾಗವನ್ನೇ ಕತ್ತರಿಸಿ ತೆಗೆಯುತ್ತಾರೆ. ಗೂಡು ಉಳಿಯುವುದಿಲ್ಲವಾದ್ದರಿಂದ ಕೀವು ಮತ್ತು ಪಿತ್ತದ ಸೋರಿಕೆ ಕಡಿಮೆ, ಕಾಯಿಲೆ ಮರುಕಳಿಸುವುದೂ ಕಡಿಮೆ. ಲಿವರಿನ ಅಂಚಿನಲ್ಲಿ ಹೊರಚಾಚಿಕೊಂಡ ಗುಳ್ಳೆಗೆ ಇದಕ್ಕಿಂತ ಉತ್ತಮವಾದ ಆಪರೇಷನ್ ಇಲ್ಲ. ಆದರೆ ಗುಳ್ಳೆ ಲಿವರಿನ ನಡುವೆ, ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ಅಭಿಧಮನಿಗಳಿಗೆ ಅಂಟಿಕೊಂಡಿದ್ದರೆ ಗೋಡೆಯನ್ನು ಬಿಡಿಸುವಾಗ ಆಗುವ ರಕ್ತಸ್ರಾವ ಪ್ರಾಣಕ್ಕೇ ಬರಬಹುದು. ಲಿವರ್ ಆಪರೇಷನ್ನಿನಲ್ಲಿ ಪಳಗಿದ ಕೈಗಳೂ ರಕ್ತನಿಧಿಯೂ ಒಳ್ಳೆಯ ಐಸಿಯುವೂ ಇದ್ದಲ್ಲಿ ಮಾತ್ರ ಇದನ್ನು ಒಪ್ಪಿಕೊಳ್ಳಿರಿ. ಕ್ಯಾನ್ಸರ್ ಅಲ್ಲದ ಕಾಯಿಲೆಗೆ ಕ್ಯಾನ್ಸರಿನಷ್ಟೇ ದೊಡ್ಡ ಆಪರೇಷನ್ ಏಕೆ ಎಂದು ಕೆಲವು ಶಸ್ತ್ರವೈದ್ಯರು ಕೇಳುತ್ತಾರೆ, ಅರೆಬರೆ ತೆಗೆದು ಮತ್ತೆ ಬರುವಂತೆ ಏಕೆ ಬಿಡಬೇಕು ಎಂದು ಇನ್ನು ಕೆಲವರು ಕೇಳುತ್ತಾರೆ. ಈ ಚರ್ಚೆ ಹಳೆಯದು, ಎರಡೂ ಕಡೆ ಹುರುಳಿದೆ. ನನ್ನನ್ನು ಕೇಳಿದರೆ, ಲಿವರಿನ ಆಳದಲ್ಲಿರುವ ಗುಳ್ಳೆಗೆ ಕಾಳಜಿಯಿಂದ ಮಾಡಿದ ಮೊದಲನೆಯ ಆಪರೇಷನ್, ಆತುರದಲ್ಲಿ ಮಾಡಿದ ಎರಡನೆಯದಕ್ಕಿಂತ ಎಷ್ಟೋ ಮೇಲು.

ದುರ್ಬೀನ್ ಆಪರೇಷನ್, ಎಂದರೆ ಲ್ಯಾಪರೋಸ್ಕೋಪಿ, ಇವೆರಡಕ್ಕಿಂತ ಬೇರೆಯಾದ ಮೂರನೆಯ ಆಪರೇಷನ್ ಅಲ್ಲ. ಇದೇ ಕೆಲಸಗಳನ್ನು ಸಣ್ಣ ತೂತುಗಳ ಮೂಲಕ ಮಾಡುವ ಕ್ರಮ ಅದು. ನೋವು ಕಡಿಮೆ, ಬೇಗ ಎದ್ದು ಓಡಾಡಬಹುದು, ಗೂಡಿನ ಒಳಗೆ ಕ್ಯಾಮೆರಾವನ್ನೇ ಇಳಿಸಿ ಮೂಲೆಮೂಲೆಯನ್ನು ನೋಡಬಹುದು. ಗಾಳಿ ತುಂಬಿದ ಹೊಟ್ಟೆಯಲ್ಲಿ ನೀರು ಚೆಲ್ಲದಂತೆ ನೋಡಿಕೊಳ್ಳುವುದು ಮಾತ್ರ ಹೆಚ್ಚು ಕಷ್ಟ. ಇದಕ್ಕೆಂದೇ ಕೊಯಮತ್ತೂರಿನ ಶಸ್ತ್ರವೈದ್ಯ ಡಾ. ಸಿ. ಪಳನಿವೇಲು ಅವರು ಗುಳ್ಳೆಗೆ ಒತ್ತಿಹಿಡಿದು ಹೀರುತ್ತಲೇ ಒಳಗಿನದನ್ನು ಹೊರತೆಗೆಯುವ ವಿಶೇಷ ಕೊಳವೆಯ ಸಾಧನವನ್ನು ರೂಪಿಸಿದ್ದಾರೆ, ನಮ್ಮ ದೇಶದಲ್ಲಿ ಇದು ಬಳಕೆಯಲ್ಲಿದೆ. ಲಿವರಿನ ಮುಂಭಾಗದಲ್ಲಿ, ಮೇಲ್ಮೈಗೆ ಹತ್ತಿರವಿರುವ ಒಂದೋ ಎರಡೋ ಗುಳ್ಳೆಗಳಿಗೆ ದುರ್ಬೀನು ಸೂಕ್ತ. ಹಿಂಭಾಗದಲ್ಲಿ ವಪೆಗೆ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆಗೆ) ಅಂಟಿದ, ಆಳದಲ್ಲಿ ಹುದುಗಿದ, ಅಥವಾ ಪಿತ್ತನಾಳಕ್ಕೆ ಒಡೆದ ಗುಳ್ಳೆಗಳಿಗೆ ಹೊಟ್ಟೆ ತೆರೆದು ಮಾಡುವುದೇ ಕ್ಷೇಮ.

ನಿಮ್ಮ ಅಣ್ಣನವರಿಗೆ ನನ್ನ ಸಲಹೆ ಇಷ್ಟು. ಆಪರೇಷನ್ ಬೇಕು, ಆದರೆ ನಾಳೆಯೇ ಆಗಬೇಕೆಂದಿಲ್ಲ. ಮೊದಲು ಸಿಟಿ ಸ್ಕ್ಯಾನ್ ಮತ್ತು, ಸಾಧ್ಯವಿದ್ದರೆ, ಪಿತ್ತನಾಳಗಳನ್ನು ತೋರಿಸುವ ಎಂಆರ್‌ಐ ಮಾಡಿಸಿರಿ. ಶ್ವಾಸಕೋಶದಲ್ಲಿ ಇನ್ನೊಂದು ಗುಳ್ಳೆ ಅಡಗಿಲ್ಲವೇ ಎಂದು ನೋಡಲು ಎದೆಯ ಎಕ್ಸ್‌ರೇ ಬೇಕೇ ಬೇಕು. ಲಿವರಿನ ರಕ್ತಪರೀಕ್ಷೆಯಲ್ಲಿ ಏರುಪೇರಿದ್ದರೆ, ಹಿಂದೆ ಒಮ್ಮೆಯಾದರೂ ಕಣ್ಣು ಹಳದಿಯಾಗಿದ್ದರೆ, ಅದನ್ನು ಮುಚ್ಚಿಡದೆ ಹೇಳಿರಿ. 9 ಸೆಂಟಿಮೀಟರಿನಷ್ಟು ದೊಡ್ಡ ಗುಳ್ಳೆಗಳಲ್ಲಿ ಪಿತ್ತನಾಳಕ್ಕೆ ಸಂಪರ್ಕವಿರುವುದು ಅಪರೂಪವಲ್ಲ. ಆಪರೇಷನ್ನಿಗೆ ಕೆಲವು ದಿನಗಳ ಮೊದಲೇ ಆಲ್ಬೆಂಡಜೋಲ್ ಆರಂಭಿಸಿ, ಆದ ಮೇಲೂ ವೈದ್ಯರು ಹೇಳಿದಷ್ಟು ಕಾಲ ಮುಂದುವರಿಸಬೇಕು. ಅಕಸ್ಮಾತ್ ನೀರು ಚೆಲ್ಲಿದರೂ ಅದರಲ್ಲಿನ ಜೀವಾಣುಗಳು ಬೆಳೆಯದಂತೆ ಮಾಡುವುದೇ ಇದರ ಉದ್ದೇಶ. ಬಳ್ಳಾರಿಯ ವಿಮ್ಸ್, ಎಂದರೆ ಈಗಿನ ಬಿಎಂಸಿಆರ್‌ಸಿ, ರಾಯಚೂರಿನ ರಿಮ್ಸ್ ಮತ್ತು ಕೊಪ್ಪಳದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಶಸ್ತ್ರಚಿಕಿತ್ಸಾ ವಿಭಾಗಗಳಲ್ಲಿ ವರದಿಗಳನ್ನು ತೋರಿಸಿ ಅಭಿಪ್ರಾಯ ಪಡೆಯಬಹುದು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವಿದೆ. ಬೇರೆ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರವನ್ನು ಮೊದಲೇ ಪಡೆದಿರಿ.

ಆಪರೇಷನ್ನಿಗೆ ಕಾಯುವ ದಿನಗಳಲ್ಲಿ ಕುರಿಯನ್ನು ಹೆಗಲಿಗೆತ್ತುವುದು, ಚೀಲ ಹೊರುವುದು, ಹೊಟ್ಟೆಗೆ ಪೆಟ್ಟಾಗುವಂಥ ಕೆಲಸ ಬೇಡ. ಇದ್ದಕ್ಕಿದ್ದಂತೆ ಹೊಟ್ಟೆನೋವು ಬಂದು ಮೈಯೆಲ್ಲ ತುರಿಕೆ, ಗಂದೆ, ಉಸಿರಾಟದ ಕಷ್ಟ ಕಾಣಿಸಿದರೆ ಗುಳ್ಳೆ ಒಡೆದಿರಬಹುದು; 108ಕ್ಕೆ ಕರೆಮಾಡಿ, ಹತ್ತಿರದ ಆಸ್ಪತ್ರೆಗೆ ತಕ್ಷಣ ಸೇರಿಸಿ, ಗುಳ್ಳೆಯಿರುವ ವಿಷಯವನ್ನು ಮೊದಲ ಮಾತಿನಲ್ಲಿಯೇ ತಿಳಿಸಿರಿ.

ಪ್ರಶ್ನೆ: ನಾವು ಸಿಂಧನೂರಿನವರು. ನಮ್ಮ ತಾಯಿಗೆ ಮೂರು ವಾರಗಳ ಹಿಂದೆ ಲಿವರಿನ ಹೈಡಾಟಿಡ್ ಗುಳ್ಳೆಗೆ ಆಪರೇಷನ್ ಆಗಿದೆ. ಪಕ್ಕೆಯಲ್ಲಿ ಬಿಟ್ಟಿರುವ ನಳಿಕೆಯಿಂದ ಇನ್ನೂ ಹಸಿರು-ಹಳದಿ ನೀರು ಬರುತ್ತಿದೆ. ಜ್ವರವಿಲ್ಲ, ಊಟ ಮಾಡುತ್ತಾರೆ. ಆಪರೇಷನ್ ಕೆಟ್ಟಿತೇ? ಮತ್ತೆ ಹೊಟ್ಟೆ ಕೊಯ್ಯಬೇಕೇ? ಗುಳ್ಳೆ ಮತ್ತೆ ಬರುತ್ತದೆಯೇ?

ಉತ್ತರ: ಆಪರೇಷನ್ ಕೆಟ್ಟಿದೆ ಎಂದು ಇದರಿಂದ ಹೇಳಲಾಗದು. ನಳಿಕೆಯಿಂದ ಬರುತ್ತಿರುವುದು ಪಿತ್ತ. ವರ್ಷಾನುಗಟ್ಟಲೆ ಗುಳ್ಳೆಯ ಒತ್ತಡದಿಂದ ಸವೆದ ಸಣ್ಣ ಪಿತ್ತನಾಳವೊಂದು, ಒಳಗಿನ ಒತ್ತಡ ಹೋದ ಮೇಲೆ, ಆ ಗೂಡಿಗೆ ಪಿತ್ತವನ್ನು ಸೋರುತ್ತಿರುತ್ತದೆ. ಈ ಆಪರೇಷನ್ನಿನ ನಂತರ ಕಾಣಿಸುವ ತೊಂದರೆಗಳಲ್ಲಿ ಇದು ಸಾಮಾನ್ಯವಾದದ್ದು. ನಳಿಕೆ ಇದೆಯೆಂಬುದೇ ನಿಮ್ಮ ತಾಯಿಯವರ ಪಾಲಿಗೆ ರಕ್ಷೆ. ಅದಿಲ್ಲದಿದ್ದರೆ ಪಿತ್ತ ಹೊಟ್ಟೆಯಲ್ಲಿಯೇ ತುಂಬಿಕೊಳ್ಳುತ್ತಿತ್ತು. ಆದ್ದರಿಂದ ಯಾರು ಹೇಳಿದರೂ ಶಸ್ತ್ರವೈದ್ಯರನ್ನು ಕೇಳದೆ ನಳಿಕೆಯನ್ನು ತೆಗೆಸಬೇಡಿರಿ.

ಪ್ರತಿದಿನ ಒಂದೇ ಹೊತ್ತಿಗೆ ಚೀಲದಲ್ಲಿ ಎಷ್ಟು ಮಿಲಿಲೀಟರ್ ಬಂದಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿರಿ. ಅಳತೆ ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಬಹುತೇಕ ಸೋರಿಕೆಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಇಳಿಯದಿದ್ದರೆ ಅಥವಾ ಹೆಚ್ಚಾದರೆ ಇಆರ್‌ಸಿಪಿ ಎಂಬ ಚಿಕಿತ್ಸೆಯಿದೆ. ಬಾಯಿಯ ಮೂಲಕ ಕೊಳವೆ ಇಳಿಸಿ, ಸಣ್ಣ ಕರುಳಿನಲ್ಲಿ ಮುಖ್ಯ ಪಿತ್ತನಾಳ ತೆರೆದುಕೊಳ್ಳುವ ಬಾಯಿಯನ್ನು ಸ್ವಲ್ಪ ಅಗಲಮಾಡಿ, ಬೇಕಾದರೆ ಒಂದು ಸಣ್ಣ ಸ್ಟೆಂಟ್ ಇಡುತ್ತಾರೆ. ಆಗ ಪಿತ್ತಕ್ಕೆ ಕರುಳಿನ ಕಡೆಯ ದಾರಿ ಸುಲಭವಾಗಿ, ಗೂಡಿನ ಕಡೆಗೆ ಹರಿಯುವುದು ನಿಂತು, ತೂತು ಮಾಯುತ್ತದೆ. ಮತ್ತೆ ಹೊಟ್ಟೆ ಕೊಯ್ಯುವ ಪ್ರಸಂಗ ಬರುವುದು ವಿರಳ. ಇಆರ್‌ಸಿಪಿ ಎಲ್ಲ ಊರುಗಳ ಆಸ್ಪತ್ರೆಗಳಲ್ಲಿಯೂ ಇರುವುದಿಲ್ಲ, ಆದ್ದರಿಂದ ಹೊರಡುವ ಮೊದಲು ಫೋನ್ ಮಾಡಿ ವಿಚಾರಿಸಿಕೊಳ್ಳಿರಿ. ಚಳಿಜ್ವರ, ಕಣ್ಣು ಹಳದಿಯಾಗುವುದು, ನಳಿಕೆಯಲ್ಲಿ ಬರುವುದು ಥಟ್ಟನೆ ನಿಂತು ಹೊಟ್ಟೆ ಉಬ್ಬುವುದು, ಈ ಮೂರರಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ಗುಳ್ಳೆ ಮತ್ತೆ ಬರಬಹುದೇ ಎಂದರೆ, ಬರಬಹುದು. ಅದಕ್ಕಾಗಿಯೇ ಆಪರೇಷನ್ ಆದವರು ಮೊದಲ ಎರಡು ವರ್ಷ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ, ಕನಿಷ್ಠ ಐದು ವರ್ಷಗಳವರೆಗಾದರೂ ಅಲ್ಟ್ರಾಸೌಂಡ್ ಮಾಡಿಸಬೇಕು. ರಕ್ತದಲ್ಲಿನ ಪ್ರತಿಕಾಯದ ಪರೀಕ್ಷೆ ಒಂದನ್ನೇ ನಂಬಬೇಡಿರಿ, ಗುಳ್ಳೆ ಪೂರ್ತಿ ಹೋದ ಮೇಲೂ ಅದು ವರ್ಷಗಳ ಕಾಲ ಪಾಸಿಟಿವ್ ಎಂದೇ ತೋರಿಸಬಹುದು. ಮೊದಲ ಸ್ಕ್ಯಾನಿನಲ್ಲಿ ಹಳೆಯ ಗೂಡು ಕಾಣಿಸಿದರೆ ಗಾಬರಿಯಾಗಬೇಡಿರಿ. ಅದು ಕುಗ್ಗಲು ತಿಂಗಳುಗಳೇ ಬೇಕಾಗುತ್ತವೆ. ಆಪರೇಷನ್ನಿನ ವಿವರವಿರುವ ಡಿಸ್ಚಾರ್ಜ್ ಕಾಗದವನ್ನು ರೇಷನ್ ಕಾರ್ಡಿನಷ್ಟೇ ಜೋಪಾನವಾಗಿ ಕಾಪಾಡಿರಿ, ಮುಂದೆ ಸ್ಕ್ಯಾನ್ ನೋಡುವವರಿಗೆ ಅದಿಲ್ಲದೆ ಹಳೆಯ ಗೂಡಾವುದು, ಹೊಸ ಗುಳ್ಳೆಯಾವುದು ಎಂದು ಹೇಳುವುದು ಕಷ್ಟ.

ಪ್ರಶ್ನೆ: ಸಂಡೂರಿನಿಂದ ಬರೆಯುತ್ತಿದ್ದೇನೆ. ನಮ್ಮ ತಂದೆಗೆ 66 ವರ್ಷ. ಮೂತ್ರದ ತೊಂದರೆಗೆ ಸ್ಕ್ಯಾನ್ ಮಾಡಿಸಿದಾಗ ಲಿವರಿನಲ್ಲಿ 5 ಸೆಂಟಿಮೀಟರಿನ, ಸುಣ್ಣ ಕಟ್ಟಿದ ಹೈಡಾಟಿಡ್ ಗುಳ್ಳೆ ಸಿಕ್ಕಿತು. ವೈದ್ಯರು ಏನೂ ಮಾಡುವುದು ಬೇಡ ಎನ್ನುತ್ತಾರೆ. ಒಳಗೆ ಹುಳುವಿನ ಗುಳ್ಳೆ ಇಟ್ಟುಕೊಂಡು ಸುಮ್ಮನಿರುವುದು ಹೇಗೆ?

ಉತ್ತರ: ನಿಮ್ಮ ವೈದ್ಯರು ಸರಿಯಾಗಿಯೇ ಹೇಳಿದ್ದಾರೆ. ಗೋಡೆಗೆಲ್ಲ ಸುಣ್ಣ ಕಟ್ಟಿ ಒಳಗೆ ಗಟ್ಟಿಯಾದ, ಯಾವ ತೊಂದರೆಯನ್ನೂ ಕೊಡದ ಗುಳ್ಳೆ ಸಾಮಾನ್ಯವಾಗಿ ಸಿಇ 5 ಹಂತದ್ದು. ಅದರೊಳಗಿನ ಹುಳುವಿನ ಆಟ ಮುಗಿದಿರುತ್ತದೆ. ಅಂಥ ಗುಳ್ಳೆಗೆ ಮಾತ್ರೆಯೂ ಬೇಡ, ಸೂಜಿಯೂ ಬೇಡ, ಶಸ್ತ್ರವೂ ಬೇಡ. ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಮಾಡಿಸಿ, ಹೊಸದಾಗಿ ನೀರಿನ ಕೋಣೆಗಳು ಕಾಣಿಸಿಕೊಂಡಿವೆಯೇ ಎಂದು ನೋಡಿದರೆ ಸಾಕು. ಮಾಡದೇ ಇರುವುದೂ ಇಲ್ಲಿ ತಿಳಿದು ತೆಗೆದುಕೊಂಡ ಚಿಕಿತ್ಸಾ ನಿರ್ಧಾರವೇ.

ಪ್ರಶ್ನೆ: ಶಾಲೆ, ಅಂಗನವಾಡಿಗಳಲ್ಲಿ ಮಕ್ಕಳಿಗೆ ಕೊಡುವ ಜಂತುಹುಳುವಿನ ಮಾತ್ರೆಯೂ ಆಲ್ಬೆಂಡಜೋಲ್ ಎಂದು ಕೇಳಿದ್ದೇನೆ. ನನಗೆ ಲಿವರಿನಲ್ಲಿ 4 ಸೆಂಟಿಮೀಟರಿನ ಹೈಡಾಟಿಡ್ ಗುಳ್ಳೆಯಿದೆ. ಆ ಮಾತ್ರೆಯನ್ನೇ ಅಂಗಡಿಯಿಂದ ತಂದು ನುಂಗಿದರೆ ಸಾಲದೇ? (ಲಿಂಗಸುಗೂರಿನ ಗೃಹಿಣಿ)

ಉತ್ತರ: ಔಷಧ ಒಂದೇ, ಕೊಡುವ ರೀತಿ ಬೇರೆ. ಮಕ್ಕಳಿಗೆ ಕೊಡುವುದು ಕರುಳಿನ ಹುಳುಗಳಿಗಾಗಿ, ಒಂದೇ ಸಲ. ಲಿವರಿನ ಗುಳ್ಳೆಯ ಗೋಡೆಯನ್ನು ದಾಟಿ ಔಷಧ ಒಳಗೆ ಸೇರಬೇಕಾದರೆ ದಿನಕ್ಕೆರಡು ಬಾರಿ, ದೇಹದ ತೂಕಕ್ಕೆ ತಕ್ಕ ಪ್ರಮಾಣದಲ್ಲಿ, ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕು. ಕಿಲೋ ತೂಕಕ್ಕೆ ದಿನಕ್ಕೆ 10ರಿಂದ 15 ಮಿಲಿಗ್ರಾಂ ಎಂಬುದು ಸಾಮಾನ್ಯ ಲೆಕ್ಕ. ನಿಮ್ಮ ಗುಳ್ಳೆ ಸಿಇ 1 ಅಥವಾ ಸಿಇ 3ಎ ಹಂತದಲ್ಲಿದ್ದರೆ, 5 ಸೆಂಟಿಮೀಟರಿಗಿಂತ ಚಿಕ್ಕದಾಗಿರುವುದರಿಂದ, ಮೂರರಿಂದ ಆರು ತಿಂಗಳ ಮಾತ್ರೆಯಲ್ಲಿಯೇ ವಾಸಿಯಾಗುವ ಒಳ್ಳೆಯ ಸಾಧ್ಯತೆಯಿದೆ. ಈ ಔಷಧ ಜಿಡ್ಡಿನ ಊಟದ ಜೊತೆಗೆ ಚೆನ್ನಾಗಿ ಮೈಗೆ ಹತ್ತುತ್ತದೆ, ಆದ್ದರಿಂದ ಬರಿ ಹೊಟ್ಟೆಯಲ್ಲಿ ನುಂಗದೆ ರೊಟ್ಟಿಗೆ ಎಣ್ಣೆಗಾಯಿಯೋ ಶೇಂಗಾ ಹಿಂಡಿಯೋ ಇರುವ ಊಟದೊಂದಿಗೆ ತೆಗೆದುಕೊಳ್ಳಿರಿ.

ಆದರೆ ನೀವಾಗಿಯೇ ಅಂಗಡಿಯಿಂದ ತಂದು ನುಂಗಬಾರದು. ಹೀಗೆ ದೀರ್ಘಕಾಲ ತೆಗೆದುಕೊಂಡಾಗ ಕೆಲವರಲ್ಲಿ ಲಿವರಿಗೆ ಪೆಟ್ಟಾಗುತ್ತದೆ, ಬಿಳಿ ರಕ್ತಕಣಗಳು ಇಳಿಯುತ್ತವೆ, ಕೂದಲು ಉದುರುತ್ತದೆ. ಮೊದಲ ತಿಂಗಳುಗಳಲ್ಲಿ ಪದೇಪದೇ ರಕ್ತ ಪರೀಕ್ಷಿಸುತ್ತಿರಬೇಕು. ಗರ್ಭಿಣಿಯರು, ಅದರಲ್ಲೂ ಮೊದಲ ಮೂರು ತಿಂಗಳಿನಲ್ಲಿ, ಇದನ್ನು ತೆಗೆದುಕೊಳ್ಳಬಾರದು; ಚಿಕಿತ್ಸೆ ನಡೆಯುವಾಗ ಬಸಿರಾಗದಂತೆ ಎಚ್ಚರ ವಹಿಸಬೇಕು. ಬಸಿರಿನ ಸಂಶಯವಿದ್ದರೆ ಮಾತ್ರೆ ಶುರುಮಾಡುವ ಮೊದಲೇ ವೈದ್ಯರಿಗೆ ಹೇಳಿರಿ, ಸಂಕೋಚ ಬೇಡ.

ಪ್ರಶ್ನೆ: ನಮ್ಮ ಹಟ್ಟಿಯಲ್ಲಿ ಇಬ್ಬರಿಗೆ ಈ ಗುಳ್ಳೆ ಬಂದ ಮೇಲೆ ಕುರಿಮಾಂಸದಿಂದ ಬರುತ್ತದೆ ಎಂದು ಕೆಲವರು ಮಾಂಸ ಬಿಟ್ಟಿದ್ದಾರೆ, ರೋಗಿಯ ತಟ್ಟೆ-ಲೋಟ ಬೇರೆ ಇಟ್ಟಿದ್ದಾರೆ. ಕುರಿ ಮಾರಿಬಿಡಬೇಕೇ? (ಯಲಬುರ್ಗಾ ತಾಲ್ಲೂಕಿನ ಕುರಿಗಾಹಿ)

ಉತ್ತರ: ಯಾವುದೂ ಬೇಡ. ಮಾಂಸ ತಿಂದು ಮನುಷ್ಯನಿಗೆ ಈ ಗುಳ್ಳೆ ಬರುವುದಿಲ್ಲ, ಮನುಷ್ಯನಿಂದ ಮನುಷ್ಯನಿಗೂ ಅಂಟುವುದಿಲ್ಲ. ರೋಗಿಗೆ ಬೇರೆ ತಟ್ಟೆ ಇಡುವುದು ಅವರ ಮನಸ್ಸಿಗೆ ಕೊಡುವ ನೋವಲ್ಲದೆ ಬೇರೇನೂ ಅಲ್ಲ, ಅದನ್ನು ಇಂದೇ ನಿಲ್ಲಿಸಿರಿ. ಕುರಿಯ ಲಿವರಿನಲ್ಲಿರುವ ಗುಳ್ಳೆಯನ್ನು ತಿಂದರೆ ಸೋಂಕು ತಗಲುವುದು ನಾಯಿಗೆ. ನಾಯಿಯ ಕರುಳಿನಲ್ಲಿ ಅದು 2ರಿಂದ 7 ಮಿಲಿಮೀಟರ್ ಉದ್ದದ ಲಾಡಿಹುಳುವಾಗಿ, ಆರೇಳು ವಾರಗಳಲ್ಲಿ ಮೊಟ್ಟೆಗಳನ್ನು ಹೊರಹಾಕಲು ಆರಂಭಿಸುತ್ತದೆ. ಆ ಮೊಟ್ಟೆ ಹುಲ್ಲಿನ ಮೂಲಕ ಕುರಿಯ ಹೊಟ್ಟೆಗೆ ಹೋದರೆ ಕುರಿಯಲ್ಲಿ ಗುಳ್ಳೆ, ಕೈಯಿಂದ ನಮ್ಮ ಬಾಯಿಗೆ ಬಂದರೆ ನಮ್ಮಲ್ಲಿ ಗುಳ್ಳೆ. ನಾಯಿ ನೋಡಲು ಆರೋಗ್ಯವಾಗಿಯೇ ಇರುತ್ತದೆ, ಆದಕಾರಣ ಯಾವ ನಾಯಿಯಲ್ಲಿ ಹುಳುವಿದೆ ಎಂದು ಕಣ್ಣಿನಿಂದ ಹೇಳಲು ಬರುವುದಿಲ್ಲ.

ಸುಗ್ಗಿಯ ನಂತರ ತುಂಗಭದ್ರಾ ಕಾಲುವೆಯ ಗದ್ದೆಗಳಲ್ಲಿ ಮಂದೆ ನಿಲ್ಲಿಸಿ ರಾತ್ರಿ ಅಲ್ಲಿಯೇ ಮಲಗುವ ನಿಮ್ಮಂಥವರಿಗೆ ನಾಯಿಯಿಲ್ಲದೆ ನಡೆಯುವುದಿಲ್ಲವೆಂಬುದು ನನಗೆ ಗೊತ್ತು, ಆದ್ದರಿಂದ ನಾಯಿಯನ್ನು ಬಿಟ್ಟುಬಿಡಿ ಎಂದು ಹೇಳುವುದಿಲ್ಲ. ಕುರಿ ಕೊಯ್ದಾಗ, ಸತ್ತ ಕುರಿ ಸಿಕ್ಕಾಗ, ಅದರ ಲಿವರನ್ನೂ ಶ್ವಾಸಕೋಶವನ್ನೂ ನಾಯಿಗೆ ಹಸಿಯಾಗಿ ಎಸೆಯಬೇಡಿರಿ. ನೀರಿನ ಗುಳ್ಳೆ ಕಂಡ ಭಾಗವನ್ನು ಸುಡಿರಿ, ಇಲ್ಲವೇ ನಾಯಿ ಕೆದರಲಾರದಷ್ಟು ಆಳಕ್ಕೆ ಹೂಳಿರಿ. ನಾಯಿಗೆ ಕೊಡಲೇಬೇಕಾದ ಒಳ್ಳೆಯ ಭಾಗವನ್ನು ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಕುದಿಸಿ ಕೊಡಿರಿ. ಜಾತ್ರೆ, ದೇವರ ಕಾರ್ಯಗಳಲ್ಲಿ ಒಂದೇ ದಿನ ಹಲವು ಕುರಿಗಳನ್ನು ಕೊಯ್ಯುವಾಗ ಈ ಎಚ್ಚರ ಇನ್ನೂ ಹೆಚ್ಚಾಗಿ ಬೇಕು, ಊರಿನ ನಾಯಿಗಳೆಲ್ಲ ನೆರೆಯುವುದು ಅಂದೇ. ನಾಯಿಗಳಿಗೆ ಪಶು ಆಸ್ಪತ್ರೆಯಲ್ಲಿ ಕೇಳಿ ಪ್ರಾಜಿಕ್ವಾಂಟೆಲ್ ಮಾತ್ರೆಯನ್ನು ಆರು ವಾರಕ್ಕೊಮ್ಮೆ ಹಾಕಿರಿ; ಹುಳು ಬೆಳೆದು ಮೊಟ್ಟೆ ಹೊರಹಾಕುವ ಮೊದಲೇ ಸಾಯಬೇಕೆಂದು ಈ ಅಂತರ. ಹಟ್ಟಿಯ ಎಲ್ಲ ನಾಯಿಗಳಿಗೂ ಒಂದೇ ದಿನ ಹಾಕಿ, ಎರಡು ದಿನ ಕಟ್ಟಿಹಾಕಿ, ಆ ದಿನಗಳ ಮಲವನ್ನು ಹೂಳಿರಿ ಅಥವಾ ಸುಡಿರಿ, ಏಕೆಂದರೆ ಮಾತ್ರೆ ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಯನ್ನು ಕೊಲ್ಲುವುದಿಲ್ಲ. ನಾಯಿ ಮುಟ್ಟಿದ ಮೇಲೆ, ಊಟದ ಮೊದಲು, ಮಕ್ಕಳ ಕೈಯನ್ನೂ ಸೇರಿಸಿ ಸಾಬೂನಿನಿಂದ ತೊಳೆಯಬೇಕು. ಹೊಲದಲ್ಲಿ ಕಿತ್ತ ಉಳ್ಳಾಗಡ್ಡಿ, ಮೆಂತ್ಯ, ಮೂಲಂಗಿಯನ್ನು ತೊಳೆಯದೆ ತಿನ್ನಬಾರದು.

ಇನ್ನು ಒಂದೇ ಹಟ್ಟಿಯಲ್ಲಿ ಇಬ್ಬರಿಗೆ ಬಂದಿದೆ ಎಂದರೆ ಉಳಿದವರಲ್ಲಿಯೂ ಸದ್ದಿಲ್ಲದೆ ಬೆಳೆಯುತ್ತಿರುವ ಗುಳ್ಳೆಗಳಿರಬಹುದು. ಅದೇ ನಾಯಿಗಳ ಜೊತೆ ಆಡಿ ಬೆಳೆದ ಮಕ್ಕಳಿಂದ ಹಿಡಿದು ಹಿರಿಯರವರೆಗೆ ಮನೆಮಂದಿಯೆಲ್ಲ ಒಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿಕೊಳ್ಳಿರಿ. ಗುಳ್ಳೆ ಚಿಕ್ಕದಿರುವಾಗಲೇ ಸಿಕ್ಕರೆ ಲಿಂಗಸುಗೂರಿನ ಸೋದರಿಗೆ ಹೇಳಿದಂತೆ ಮಾತ್ರೆಯಲ್ಲಿಯೇ ಮುಗಿಯಬಹುದು. ವರದಿ ಬರೆಯುವ ವೈದ್ಯರಲ್ಲಿ ಗುಳ್ಳೆಯ ಅಳತೆಯ ಜೊತೆಗೆ ಹಂತವನ್ನೂ ನಮೂದಿಸುವಂತೆ ಕೇಳಿಕೊಳ್ಳಿರಿ.